ಏಳು ವರ್ಷದ ಮಗಳಿಗೆ ವಾರಕ್ಕೆ ಆರು ದಿನ ಕೋಚಿಂಗ್ ಬೇಕೇ?

ಪ್ರಶ್ನೆ: ಮಗಳಿಗೆ ಏಳು ತುಂಬಿದೆ. ಬೇಸಿಗೆ ಶಿಬಿರಕ್ಕೆ ಹೋಗಿ ಬಂದ ಮೇಲೆ ಬ್ಯಾಡ್ಮಿಂಟನ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹತ್ತಿರದ ಅಕಾಡೆಮಿಯಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ. ಇಡೀ ವರ್ಷದ ಶುಲ್ಕ ಮೊದಲೇ ಕಟ್ಟಿದರೆ ರಿಯಾಯಿತಿಯಂತೆ. ಈಗಲೇ ಗಂಭೀರವಾಗಿ ಶುರು ಮಾಡದಿದ್ದರೆ ಹಿಂದೆ ಬೀಳುತ್ತಾಳೆಯೇ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಬೀಳುವುದಿಲ್ಲ. ಅವಳಾಗಿಯೇ ಕೇಳುತ್ತಿದ್ದಾಳೆ, ಖಂಡಿತ ಸೇರಿಸಿ. ಆದರೆ ಆರು ದಿನದ ಬ್ಯಾಚ್ ಬೇಡ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು ಎಂಬುದು ಕ್ರೀಡಾ ವೈದ್ಯರು ಬಳಸುವ ಸರಳ ಲೆಕ್ಕ. ನಿಮಗೆ ಹೇಳಿರುವುದು 12 ಗಂಟೆ, ಮಗಳಿಗೆ ಏಳೇ ವರ್ಷ. ಸದ್ಯಕ್ಕೆ ವಾರದಲ್ಲಿ ಮೂರು ದಿನ, ಒಂದೊಂದು ಗಂಟೆ ಸಾಕು. ಉಳಿದ ದಿನ ಈಜಲಿ, ಸೈಕಲ್ ತುಳಿಯಲಿ, ಬೀದಿಯಲ್ಲಿ ಕುಂಟೆಬಿಲ್ಲೆ ಆಡಲಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17ರ ವಯಸ್ಸಿನವರಿಗೆ ಹೇಳುವ ದಿನಕ್ಕೆ 60 ನಿಮಿಷದ ಚಟುವಟಿಕೆಯಲ್ಲಿ ಇದೆಲ್ಲವೂ ಸೇರುತ್ತದೆ.

ದುಡ್ಡು ಕಟ್ಟುವ ಮೊದಲು ಒಂದು ಇಡೀ ತರಗತಿ ಕೂತು ನೋಡಿ. ಗೋಡೆಯ ಮೇಲಿನ ಕಪ್‌ಗಳನ್ನು ಬಿಟ್ಟು ಮಕ್ಕಳನ್ನು ಎಣಿಸಿ. ಒಂದು ಕೋರ್ಟಿಗೆ 16 ಮಕ್ಕಳಿದ್ದು ಒಮ್ಮೆಗೆ ನಾಲ್ವರು ಆಡಿದರೆ, ಗಂಟೆಯಲ್ಲಿ ಮಗಳಿಗೆ ಸಿಗುವುದು 15 ನಿಮಿಷ, ಉಳಿದ 45 ನಿಮಿಷ ಸಾಲಿನಲ್ಲಿ ನಿಲ್ಲಬೇಕು. ಏಳು ವರ್ಷದ ಮಗುವಿಗೆ ಆಟದ ಮೇಲೆ ಬೇಸರ ಹುಟ್ಟಲು ಇಷ್ಟು ಸಾಕು. ಒಳ್ಳೆಯ ಕೋಚ್ ಕೋರ್ಟಿನ ಹೊರಗಿರುವವರಿಗೂ ಏನಾದರೂ ಕೆಲಸ ಕೊಟ್ಟಿರುತ್ತಾರೆ: ಹಗ್ಗದಾಟ, ಗೋಡೆಗೆ ಹೊಡೆಯುವುದು, ಶಟಲ್ ಎಸೆದು ಹಿಡಿಯುವುದು.

ಆಮೇಲೆ ನೆಲ. ಶೀಟ್ ಹೊದಿಸಿದ ಶೆಡ್‌ಗಳಲ್ಲಿ ಎಷ್ಟೋ ಕಡೆ ಸಿಮೆಂಟಿನ ಮೇಲೆ ನೇರವಾಗಿ ಮ್ಯಾಟ್ ಹಾಸಿರುತ್ತಾರೆ. ಜಿಗಿದು ಇಳಿದಾಗಲೆಲ್ಲ ಪೆಟ್ಟು ಹಿಮ್ಮಡಿಗೆ, ಮೊಣಕಾಲಿಗೆ. ಮ್ಯಾಟಿನ ಕೆಳಗೆ ಮರದ ನೆಲ ಇರುವ ಕೋರ್ಟ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಾಗೆಂದು ಥಳಕಿನ ಜಾಗವೇ ಬೇಕೆಂದೇನಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ.

ಓಡುವ ಶೂ ಹಾಕಿಸಬೇಡಿ. ಅದರ ಅಟ್ಟೆ ದಪ್ಪ, ಪಕ್ಕಕ್ಕೆ ಹೆಜ್ಜೆ ಇಡುವಾಗ ಪಾದ ಮಗುಚಿ ಹರಡು ಉಳುಕುತ್ತದೆ. ಬ್ಯಾಡ್ಮಿಂಟನ್ನಿನ ನಾನ್-ಮಾರ್ಕಿಂಗ್ (ನೆಲದಲ್ಲಿ ಗುರುತು ಉಳಿಸದ) ಶೂ ಕೊಳ್ಳಿ, ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗವಿರಲಿ. ದೊಡ್ಡವರ ರಾಕೆಟ್ ಸುಮಾರು 67 ಸೆಂ.ಮೀ. ಉದ್ದ; ಅವಳಿಗೆ 58 ಸೆಂ.ಮೀ. ಆಸುಪಾಸಿನದು ಸಾಕು. ಹಿಡಿ ದಪ್ಪವಾದರೆ ಮಣಿಕಟ್ಟು ತಿರುಗುವುದಿಲ್ಲ, ಇಡೀ ತೋಳಿನಿಂದ ಬೀಸುವ ಅಭ್ಯಾಸ ಬೀಳುತ್ತದೆ. ಅದನ್ನು ಬಿಡಿಸುವುದು ಕಷ್ಟ.

ಶುಲ್ಕ ತಿಂಗಳಿಗೋ ಮೂರು ತಿಂಗಳಿಗೋ ಕಟ್ಟಿ. ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಬೇಸಿಗೆಯ ಉತ್ಸಾಹ ಎಷ್ಟು ಉಳಿಯುತ್ತದೋ ನೋಡಬೇಕು. ನಡುವೆ ಬಿಟ್ಟರೆ ಹಣ ವಾಪಸ್ ಉಂಟೇ ಎಂಬುದನ್ನು ಬರೆಸಿಕೊಳ್ಳಿ. ಸಂಜೆ ಆರರ ಟ್ರಾಫಿಕ್‌ನಲ್ಲಿ ಒಮ್ಮೆ ಹೋಗಿ ನೋಡಿ. ಇಪ್ಪತ್ತು ನಿಮಿಷ ಮೀರಿದರೆ ಇನ್ನೂ ಹತ್ತಿರದ್ದು ಹುಡುಕಿ. ಹೆತ್ತವರು ಯಾವತ್ತೂ ಒಳಗೆ ಬರಬಾರದು ಎನ್ನುವ ಜಾಗಕ್ಕೆ, ಅದು ಎಷ್ಟೇ ಹೆಸರುವಾಸಿಯಾಗಿರಲಿ, ಮಗಳನ್ನು ಕಳಿಸಬೇಡಿ.

ಪ್ರಶ್ನೆ: ಮಗನಿಗೆ 12. ವೇಗದ ಬೌಲರ್. ಶಾಲಾ ತಂಡ, ಕ್ಲಬ್ ಎರಡಕ್ಕೂ ಆಡುತ್ತಾನೆ. ಒಂದು ತಿಂಗಳಿಂದ ಸೊಂಟ ನೋವು. "ಬೆಳೆಯೋ ನೋವು, ಹೋಗತ್ತೆ" ಅಂತಾರೆ ಕೋಚ್.
– ಒಬ್ಬ ತಂದೆ, ಬನಶಂಕರಿ

ಉತ್ತರ: ಇವತ್ತಿನಿಂದಲೇ ಬೌಲಿಂಗ್ ನಿಲ್ಲಿಸಿ, ಮೂಳೆ ತಜ್ಞರಿಗೆ ತೋರಿಸಿ. ಬೆಳೆಯುವ ನೋವು ಸಾಮಾನ್ಯವಾಗಿ ರಾತ್ರಿ ಕಾಲುಗಳಲ್ಲಿ ಬರುತ್ತದೆ, ಸೊಂಟಕ್ಕೆ ಬರುವುದಿಲ್ಲ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಿಗೆ ಸೊಂಟದ ಕಶೇರುಕದಲ್ಲಿ (ಬೆನ್ನುಮೂಳೆಯ ಮಣಿಯಲ್ಲಿ) ಕೂದಲೆಳೆಯ ಬಿರುಕು ಬರುವುದುಂಟು. ಬಲಗೈ ಬೌಲರ್ ಆದರೆ ಹೆಚ್ಚಾಗಿ ಎಡಗಡೆ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಎಂಆರ್‌ಐ ಬೇಕಾಗಬಹುದು. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ.

ಇಂಥ ಬಿರುಕಿಗೆ ಮುಖ್ಯ ಕಾರಣ ಎಸೆತಗಳ ಒಟ್ಟು ಲೆಕ್ಕ ಯಾರ ಬಳಿಯೂ ಇಲ್ಲದಿರುವುದು. ಶಾಲೆಯ ಕೋಚ್‌ಗೆ ಕ್ಲಬ್ಬಿನದು ಗೊತ್ತಿಲ್ಲ, ಕ್ಲಬ್ಬಿನವರಿಗೆ ಭಾನುವಾರದ ಟೂರ್ನಮೆಂಟ್ ಗೊತ್ತಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಈ ವಯಸ್ಸಿನ ವೇಗದ ಬೌಲರ್‌ಗೆ ಹಾಕಿರುವ ಮಿತಿ ಒಂದು ಸ್ಪೆಲ್‌ಗೆ (ವಿರಾಮವಿಲ್ಲದೆ ಒಂದೇ ಸರದಿಗೆ) 5 ಓವರ್, ದಿನಕ್ಕೆ 10. ವೈದ್ಯರು ಒಪ್ಪಿದ ಮೇಲೆ ಮತ್ತೆ ಶುರು ಮಾಡುವಾಗ ನೆಟ್ಸ್ ಅಭ್ಯಾಸವೂ ಸೇರಿ ಪ್ರತಿ ಎಸೆತವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ಇಬ್ಬರು ಕೋಚ್‌ಗಳಿಗೂ ತೋರಿಸಿ. ಚೆಂಡನ್ನೂ ತೂಗಿ ನೋಡಿ: 13ರ ಒಳಗಿನವರಿಗೆ 133ರಿಂದ 144 ಗ್ರಾಂ. ದೊಡ್ಡವರ ಚೆಂಡು 156ರಿಂದ 163.

ಪ್ರಶ್ನೆ: ಮಗಳು ಈ ವರ್ಷ ಹತ್ತನೇ ತರಗತಿ. ಬಾಸ್ಕೆಟ್‌ಬಾಲ್ ಬಿಡಿಸಲೇ?
– ಒಬ್ಬ ತಾಯಿ, ಜಯನಗರ

ಉತ್ತರ: ಬಿಡಿಸಬೇಡಿ, ಕಡಿಮೆ ಮಾಡಿ. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಆಡಲಿ. ಡಿಸೆಂಬರ್ ನಂತರ ಊರು ಬಿಟ್ಟು ಹೋಗುವ ಪಂದ್ಯಗಳು ಬೇಡ. ಪರೀಕ್ಷೆ ಮುಗಿದ ಮರುದಿನವೇ ಹಳೆಯ ಬ್ಯಾಚಿಗೆ ಕಳಿಸಬೇಡಿ. ಮೊದಲ ವಾರ ಹಿಂದಿನ ಅರ್ಧದಷ್ಟು ಆಡಲಿ, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ತಿಂಗಳುಗಟ್ಟಲೆ ಕೂತಿದ್ದ ಮೊಣಕಾಲು ಒಮ್ಮೆಲೇ ಜಿಗಿತ ತಾಳುವುದಿಲ್ಲ.