ಹಾಸ್ಟೆಲಿನ ತಟ್ಟೆಯಿಂದ ಎಚ್‌ಐವಿ ಹರಡುವುದೇ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಹಾಸ್ಟೆಲಿನ ಗೆಳತಿಗೆ ಎಚ್‌ಐವಿ ಇದೆಯೆಂದು ತಿಳಿದ ಮೇಲೆ ಕೆಲವರು ಅವಳ ತಟ್ಟೆ, ಲೋಟಗಳನ್ನು ಬೇರೆ ಇಡಿಸಿದ್ದಾರೆ. ಜೊತೆಯಲ್ಲಿ ಉಂಡರೆ, ಒಂದೇ ಶೌಚಾಲಯ ಬಳಸಿದರೆ ಸೋಂಕು ತಗಲುತ್ತದೆಯೇ?
– ಹೆಸರು ಬೇಡ, ಧಾರವಾಡ

ಉತ್ತರ: ಖಂಡಿತ ಇಲ್ಲ. ತಟ್ಟೆ, ಶೌಚಾಲಯ, ಅಪ್ಪುಗೆ, ಕೆಮ್ಮು, ಸೊಳ್ಳೆ ಕಡಿತ, ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಸೊಳ್ಳೆಯ ದೇಹದಲ್ಲಿ ಈ ವೈರಾಣು ವೃದ್ಧಿಯಾಗುವುದೇ ಇಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ ಮತ್ತು ಸೂಜಿ, ತಾಯಿಯಿಂದ ಮಗುವಿಗೆ ಗರ್ಭ, ಹೆರಿಗೆ ಅಥವಾ ಎದೆಹಾಲಿನ ಮೂಲಕ ಮಾತ್ರ ಅದು ದಾಟುತ್ತದೆ. ‘ಇವಳಿಗೆ ಹೇಗೆ ಬಂತು’ ಎಂದು ಕೆದಕುವವರು, ಹುಟ್ಟಿನಿಂದಲೇ ಸೋಂಕಿನೊಡನೆ ಬೆಳೆದು ಕಾಲೇಜು ಸೇರಿದವರೂ ಇದ್ದಾರೆಂಬುದನ್ನು ಮರೆಯುತ್ತಾರೆ. ಹೇಗೆ ಬಂದಿದ್ದರೂ ಅವಳ ಘನತೆ ಕುಂದುವುದಿಲ್ಲ. ಸರ್ಕಾರಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾತ್ರೆಗಳನ್ನು ನಿತ್ಯ ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಸೋಂಕು ಹರಡುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ಬೇರೆ ತಟ್ಟೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನೂ ಹೀಗೆ ಬೇರ್ಪಡಿಸುವುದನ್ನೂ ನಿಷೇಧಿಸುತ್ತದೆ. ವಾರ್ಡನ್ ಬಳಿ ಹೋಗುವ ಮುನ್ನ ಗೆಳತಿಯ ಒಪ್ಪಿಗೆ ಪಡೆಯಿರಿ. ಸಲಹೆಗೆ ಉಚಿತ ಸಹಾಯವಾಣಿ 1097 ಇದೆ. ಇಂದು ರಾತ್ರಿಯೇ ಅವಳ ಪಕ್ಕದಲ್ಲಿ ಕುಳಿತು ಊಟ ಮಾಡಿ.