ವಿಮಾನ ಸಂಚಾರ ನಿಯಂತ್ರಣ ಸುಧಾರಿಸಿದರೆ ಇಂಗಾಲದ ಹೊರಸೂಸುವಿಕೆ ನಿಜಕ್ಕೂ ತಗ್ಗುತ್ತದೆಯೇ?

ತಗ್ಗುತ್ತದೆ, ಆದರೆ ಪವಾಡ ನಿರೀಕ್ಷಿಸಬೇಡಿ. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆಕಾಶದಲ್ಲಿ ಸುಮ್ಮನೆ ಸುತ್ತಿದ ಪ್ರತಿ ನಿಮಿಷವೂ ದಂಡವೇ.

ಲಂಡನ್ನಿನ ಹೀಥ್ರೂ ನೋಡಿ. ಇರುವುದು ಎರಡೇ ರನ್‌ವೇ. ದಟ್ಟಣೆಯಾದಾಗ ಬೋವಿಂಗ್ಡನ್, ಲ್ಯಾಂಬರ್ನ್, ಬಿಗಿನ್, ಆಕಮ್ ಎಂಬ ನಾಲ್ಕು ಕಡೆ ವಿಮಾನಗಳು ಸಾವಿರ ಅಡಿ ಅಂತರದಲ್ಲಿ ಒಂದರ ಮೇಲೊಂದು ಗಿರಕಿ ಹೊಡೆಯುತ್ತವೆ. ಕೆಳಗಿನದು ಇಳಿಯಲು ಹೊರಟರೆ ಮೇಲಿನವು ಒಂದೊಂದು ಹಂತ ಕೆಳಗೆ ಬರುತ್ತವೆ. ಮೊದಲೆಲ್ಲ ನಿಧಾನಿಸಲು ಹೇಳುವ ಹೊತ್ತಿಗೆ ವಿಮಾನ ಸುಮಾರು 80 ಮೈಲಿಯಷ್ಟು ಹತ್ತಿರ ಬಂದುಬಿಟ್ಟಿರುತ್ತಿತ್ತು. 2014ರಲ್ಲಿ ಬ್ರಿಟನ್ನಿನ ವಿಮಾನ ಸಂಚಾರ ನಿಯಂತ್ರಣ ಸಂಸ್ಥೆ ನ್ಯಾಟ್ಸ್ ನೆರೆದೇಶಗಳ ನಿಯಂತ್ರಕರ ಜತೆಗೂಡಿ, 350 ಮೈಲಿ ದೂರದಲ್ಲಿರುವಾಗಲೇ ವೇಗ ತಗ್ಗಿಸಲು ಸೂಚಿಸುವ ಪ್ರಯೋಗ ಆರಂಭಿಸಿತು. ತಡವಂತೂ ತಪ್ಪುವುದಿಲ್ಲ, ಆದರೆ ಅದನ್ನು ತಗ್ಗಿನಲ್ಲಿ ಸುತ್ತುವ ಬದಲು ಎತ್ತರದ ತೆಳುಗಾಳಿಯಲ್ಲಿ, ಕಡಿಮೆ ಇಂಧನದಲ್ಲಿ ಕಳೆಯಬಹುದು.

ಮೆಟ್ಟಿಲು ಮೆಟ್ಟಿಲಾಗಿ ಇಳಿಯದೆ ಒಂದೇ ಇಳಿಜಾರಿನಲ್ಲಿ ಬರುವುದೂ, ನೇರ ಮಾರ್ಗಗಳೂ ಉಳಿತಾಯ ತರುತ್ತವೆ. ನೇರ ಮಾರ್ಗಕ್ಕೆ ಹಲವೆಡೆ ಅಡ್ಡಿ ತಂತ್ರಜ್ಞಾನವಲ್ಲ, ಮಿಲಿಟರಿಗೆ ಮೀಸಲಾದ ವಾಯುಪ್ರದೇಶ. ಭಾರತದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ಶೇ 60ರಷ್ಟು ಮಾತ್ರ ಎಂದು 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವರೇ ಹೇಳಿದ್ದರು.

ಮಿತಿಯೂ ಇದೆ. ಸಂಚಾರ ನಿರ್ವಹಣೆ ಸುಧಾರಿಸಿದರೆ ಇಂಧನ ಬಳಕೆ ಶೇ 6ರಿಂದ 12ರಷ್ಟು ತಗ್ಗಬಹುದೆಂದು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ 1999ರಲ್ಲಿ ಅಂದಾಜಿಸಿತ್ತು. ಹಾರಾಟಗಳ ಸಂಖ್ಯೆ ಏರುತ್ತಲೇ ಹೋದರೆ ಅಷ್ಟು ಉಳಿತಾಯವನ್ನು ನುಂಗಲು ಕೆಲವೇ ವರ್ಷ ಸಾಕು.