ಯಕೃತ್ತಿನ ಕಸಿಯಾದ ತಂದೆಯವರ ನಡಿಗೆ
ತಂದೆಯವರಿಗೆ ಯಕೃತ್ತಿನ ಕಸಿಯಾಗಿ ಏಳು ವಾರ; ಲಾಲ್‌ಬಾಗ್‌ನಲ್ಲಿ ನಡೆಯಬಹುದೇ, ನೀರಿನ ಕ್ಯಾನ್ ಎತ್ತಬಹುದೇ ಎಂದು ಕೇಳಿದ್ದೀರಿ. ನಡಿಗೆ ಖಂಡಿತ ಬೇಕು. ಕ್ಯಾನ್ ಮಾತ್ರ ಶಸ್ತ್ರವೈದ್ಯರು ಒಪ್ಪುವವರೆಗೆ ಬೇಡವೇ ಬೇಡ. 20 ಲೀಟರ್ ಎಂದರೆ 20 ಕಿಲೋ! ಹೊಟ್ಟೆಯ ಸ್ನಾಯು ಕೊಯ್ದು ಹೊಲಿದಿರುತ್ತಾರೆ, ಗಾಯದ ಜಾಗದಲ್ಲಿ ಹರ್ನಿಯಾ ಆದೀತು, ಅಂದರೆ ಒಳಗಿನ ಕರುಳು ಹೊರಕ್ಕೆ ಉಬ್ಬೀತು.

ನನ್ನ ಅಣ್ಣನಿಗೆ ಕಸಿಯಾದಾಗ ಕಾಡಿದ್ದು ತೊಡೆಗಳ ನಿಶ್ಶಕ್ತಿ. ಕಾಯಿಲೆಯ ದಿನಗಳಲ್ಲೇ ಸ್ನಾಯು ಕರಗಿರುತ್ತದೆ, ಕಸಿಯ ನಂತರ ಕೊಡುವ ಸ್ಟೀರಾಯ್ಡ್ ಔಷಧಿ ಅದನ್ನು ಇನ್ನಷ್ಟು ಸೊರಗಿಸಬಹುದು. ಕೈಯೂರದೆ ಕುರ್ಚಿಯಿಂದ ಏಳುವುದೇ ಅವನ ಮುಖ್ಯ ವ್ಯಾಯಾಮವಾಗಿತ್ತು: ಮೊದಲು ಐದು ಸಲ, ತಿಂಗಳಾಗುವಷ್ಟರಲ್ಲಿ ಹದಿನೈದು. ಹದಿನೈದಾದ ದಿನ ಅತ್ತಿಗೆ ಪಾಯಸ ಮಾಡಿದ್ದರು.

ಭಾನುವಾರದ ಜನಜಂಗುಳಿ ಬೇಡ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನಡೆಯುತ್ತಿರುತ್ತದೆ, ಮಾಸ್ಕ್ ಇರಲಿ. ಲಾಲ್‌ಬಾಗ್‌ನ ಬಂಡೆ ಹತ್ತುವುದನ್ನು ಸದ್ಯಕ್ಕೆ ಮುಂದೂಡಿ. ಮಾತನಾಡಲಾಗದಷ್ಟು ಏದುಸಿರು ಬಂದರೆ ಕೂರಿಸಿ. ಜ್ವರ ಬಂದರೆ ನಡಿಗೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.